ಅಪ್ಪನ ಜೀಪಿನ ಎಂಜಿನ್: ರಿಪೇರಿ ಮಾಡಿಸೋದಾ, ಬದಲಾಯಿಸೋದಾ?

ಡಿಪ್‌ಸ್ಟಿಕ್ ಎಳೆದು ನೋಡಿದೆ. ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಬೆರಳಿಗೆ ಹಚ್ಚಿಕೊಂಡರೆ ನೊರೆನೊರೆ. ಎಂಜಿನ್ ಒಳಗೆ ನೀರು ಮತ್ತು ಆಯಿಲ್ ಒಂದಾಗಿವೆ ಎಂದು ಯಾರೂ ಹೇಳಬೇಕಿರಲಿಲ್ಲ.

ಹಿಂದಿನ ದಿನ ಸಂಜೆ ಕುಶಾಲನಗರದಿಂದ ಗೊಬ್ಬರದ ಮೂಟೆ ಹೇರಿಕೊಂಡು ಮಾದಾಪುರದ ಕಡೆ ಬರುತ್ತಿದ್ದೆ. ಆನೆಕಾಡಿನ ನಡುವೆ ಟೆಂಪರೇಚರ್ ಮುಳ್ಳು ಕೆಂಪು ಮುಟ್ಟಿತು. ಕತ್ತಲಾಗುವ ಹೊತ್ತು, ಆನೆ ರಸ್ತೆ ದಾಟುವ ಜಾಗ. ನಿಲ್ಲಿಸಲು ಧೈರ್ಯ ಬರಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಮುಳ್ಳು ತಾನಾಗಿಯೇ ಕೆಳಗಿಳಿಯಿತು. ಸದ್ಯ, ಸರಿಹೋಯಿತು ಅಂದುಕೊಂಡು ಸುಂಟಿಕೊಪ್ಪದವರೆಗೆ ಓಡಿಸಿಬಿಟ್ಟೆ. ಸರಿಹೋಗಿರಲಿಲ್ಲ. ರೇಡಿಯೇಟರಿನ ಕೆಳಗಿನ ಹೋಸ್ ಸೀಳಿ ನೀರೆಲ್ಲ ರಸ್ತೆಗೆ ಸುರಿದಿತ್ತು. ಸೆನ್ಸರ್ ಮುಟ್ಟಲು ನೀರೇ ಇಲ್ಲದಿದ್ದರೆ ಮುಳ್ಳು ಇಳಿಯುತ್ತದೆ. ಕಾದ ಗಾಡಿಯಲ್ಲಿ ಮುಳ್ಳು ಇದ್ದಕ್ಕಿದ್ದಂತೆ ತಣ್ಣಗಾದರೆ ಅದೇ ಎಲ್ಲಕ್ಕಿಂತ ಕೆಟ್ಟ ಸುದ್ದಿ. ಬೆಳಗ್ಗೆ ಹೊಸ ಹೋಸ್ ಹಾಕಿ, ನೀರು ತುಂಬಿ, ಹತ್ತು ನಿಮಿಷ ಸ್ಟಾರ್ಟ್ ಮಾಡಿದೆ. ಸೈಲೆನ್ಸರಿನಲ್ಲಿ ಬಿಳಿ ಹೊಗೆ ಬಂತು. ಆಮೇಲೆ ನೋಡಿದ್ದೇ ಆ ಡಿಪ್‌ಸ್ಟಿಕ್.

ಗಾಡಿ 1991ರ ಮಹೀಂದ್ರ ಎಂಎಂ 540. ಅಪ್ಪ ತೆಗೆದುಕೊಂಡದ್ದು. ಅಪ್ಪ ಈಗಿಲ್ಲ. ಕೊಡಗಿನಲ್ಲಿ ಇಂಥ ಜೀಪು ಎಷ್ಟೋ ಮನೆಯ ಶೆಡ್ಡಿನಲ್ಲಿದೆ. ಕಾಫಿ ಮೂಟೆ ಹೊತ್ತದ್ದು, ಮಳೆಗಾಲದಲ್ಲಿ ಬಸುರಿಯನ್ನು ಆಸ್ಪತ್ರೆಗೆ ಸೇರಿಸಿದ್ದು, ಮದುವೆ ದಿಬ್ಬಣಕ್ಕೆ ಹೋದದ್ದು ಎಲ್ಲ ಅದರಲ್ಲೇ. ಅದರ ಎಂಜಿನ್ ಕೈಕೊಟ್ಟಾಗ ಏನು ಮಾಡಬೇಕು ಎಂದು ನಾನು ಮೂರು ತಿಂಗಳು ಒದ್ದಾಡಿದೆ. ಆ ಒದ್ದಾಟದಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಿಚ್ಚುವ ಮೊದಲೇ ತೀರ್ಮಾನ ಬೇಡ

ನಾನು ಮೊದಲು ತೋರಿಸಿದ ಮೆಕ್ಯಾನಿಕ್ ಬಾನೆಟ್ ಎತ್ತಿ ಎರಡು ನಿಮಿಷ ನೋಡಿ, "ಇದನ್ನ ಗುಜರಿಗೆ ಹಾಕಿ, ಬೇರೆ ಎಂಜಿನ್ ಕೂರಿಸೋಣ" ಅಂದರು. ಎರಡನೆಯವರು ವಯಸ್ಸಾದವರು. "ಹೆಡ್ ಬಿಚ್ಚದೆ ನಾನು ಏನೂ ಹೇಳಲ್ಲ" ಅಂದರು (ಹೆಡ್ ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳ). ಗಾಡಿ ಯಾರ ಕೈಗೆ ಕೊಡಬೇಕು ಎಂದು ನನಗೆ ಅಲ್ಲೇ ಗೊತ್ತಾಯಿತು.

ಎಂಜಿನ್ ಹೋಯಿತು ಅನ್ನುವ ಮಾತಿಗೆ ಅರ್ಥವಿಲ್ಲ. ಎಂಜಿನ್ನಿನಲ್ಲಿ ಏನು ಹೋಯಿತು ಅನ್ನುವುದಷ್ಟೇ ಮುಖ್ಯ. ಹೊಗೆ ಸ್ವಲ್ಪ ಸುಳಿವು ಕೊಡುತ್ತದೆ. ಬಿಳಿ ಹೊಗೆ ಬಂದು ರೇಡಿಯೇಟರಿನಲ್ಲಿ ನೀರು ಇಳಿಯುತ್ತಿದ್ದರೆ ಹೆಡ್ ಅಥವಾ ಅದರಡಿ ಸೋರದಂತೆ ತಡೆಯುವ ಗ್ಯಾಸ್ಕೆಟ್ ಮೇಲೆ ಅನುಮಾನ. ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ: ಪಿಸ್ಟನ್ ರಿಂಗ್, ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಭಾಗ) ಅಥವಾ ವಾಲ್ವ್ ಗೈಡ್. ಕಪ್ಪು ಹೊಗೆಗೆ ಹೆಚ್ಚಿನ ಸಲ ಡೀಸೆಲ್ ಚಿಮ್ಮಿಸುವ ನೋಜಲ್, ಪಂಪ್, ಏರ್ ಫಿಲ್ಟರ್ ಕಾರಣ. ಬರೀ ಕಪ್ಪು ಹೊಗೆ ನೋಡಿ ಎಂಜಿನ್ ಬದಲಾಯಿಸಿದವರೂ ಇದ್ದಾರೆ. ಎಷ್ಟು ಹೊಟ್ಟೆ ಉರಿಯುವ ವಿಷಯ ಅಲ್ವಾ?

ಆಮೇಲೆ ಕಂಪ್ರೆಶನ್ ಟೆಸ್ಟ್, ಅಂದರೆ ಪ್ರತಿ ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತಡಕ್ಕೆ ಅದುಮುತ್ತದೆ ಎಂಬ ಪರೀಕ್ಷೆ ಮಾಡಿಸಿ. ನಾಲ್ಕೂ ಸಿಲಿಂಡರಿನ ಅಂಕಿ ಬರೆಸಿಕೊಳ್ಳಿ. ಅಂಕಿ ಎಷ್ಟಿದೆ ಎನ್ನುವುದರ ಜೊತೆಗೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಎಷ್ಟಿದೆ ನೋಡಿ. ಅಕ್ಕಪಕ್ಕದ ಎರಡರಲ್ಲಿ ಮಾತ್ರ ಕಡಿಮೆ ಇದ್ದರೆ ಅವೆರಡರ ನಡುವೆ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆ ಜಾಸ್ತಿ. ಒಂದರಲ್ಲಿ ಮಾತ್ರ ಕಡಿಮೆ ಇದ್ದರೆ ವಾಲ್ವ್ ನೋಡಿಸಿ. ನಾಲ್ಕರಲ್ಲೂ ಸಮನಾಗಿ ಇಳಿದಿದ್ದರೆ ಅದು ವಯಸ್ಸು, ಸವೆತ. ಆದರೆ ಆಯಿಲ್‌ಗೆ ನೀರು ಬೆರೆತಿದ್ದರೆ ಟೆಸ್ಟಿಗೆಂದು ಸುಮ್ನೆ ಸ್ಟಾರ್ಟರ್ ತಿರುಗಿಸಬೇಡಿ. ಆ ನೊರೆ ಆಯಿಲ್‌ಗೆ ಬೇರಿಂಗ್ ಕಾಯುವ ಶಕ್ತಿ ಇರುವುದಿಲ್ಲ. ಸಿಲಿಂಡರ್ ಒಳಗೆ ನೀರು ನಿಂತಿದ್ದರಂತೂ ನೀರು ಅದುಮಿಸಿಕೊಳ್ಳುವುದಿಲ್ಲ, ಪಿಸ್ಟನ್ ತಳ್ಳುವ ದಂಡವಾದ ಕನ್‌ರಾಡ್ ಬಾಗುತ್ತದೆ. ತುಂಬಿದ ಹೊಳೆ ದಾಟುವಾಗ ಏರ್ ಫಿಲ್ಟರ್ ಮೂಲಕ ನೀರು ಎಳೆದುಕೊಂಡ ಗಾಡಿಯ ಕಥೆಯೂ ಇದೇ. ನೋಜಲ್ ಬಿಚ್ಚಿ, ಕೈಯಲ್ಲಿ ತಿರುಗಿಸಿ, ನೀರು ಹೊರಗೆ ಹಾಕಿದ ಮೇಲೇ ಮುಂದಿನ ಮಾತು.

ಹೆಡ್ ಇಳಿಸಿದ ದಿನ ನೀವೂ ಅಲ್ಲಿರಿ. ನಮ್ಮ ಹೆಡ್ ಮೇಲೆ ಸ್ಟೀಲ್ ಪಟ್ಟಿ ಇಟ್ಟು ಕೆಳಗೆ ಫೀಲರ್ ಗೇಜ್ ತೂರಿಸಿದರು. ಎರಡನೇ ಮತ್ತು ಮೂರನೇ ಸಿಲಿಂಡರಿನ ನಡುವೆ ಗೇಜಿನ ಎಲೆ ಸಲೀಸಾಗಿ ಒಳಗೆ ಹೋಯಿತು. ಬಾಗಿದೆ ಎಂದರು. ಬಿರುಕು ಇದೆಯೇ ಎಂದು ನೋಡಲು ಬಣ್ಣದ ದ್ರವ ಹಚ್ಚಿ, ಒರೆಸಿ, ಬಿಳಿ ಪುಡಿ ಸಿಂಪಡಿಸಿದರು. ಬಿರುಕಿದ್ದರೆ ಕೂದಲಿನಂಥ ಕೆಂಪು ಗೆರೆ ಎದ್ದು ಕಾಣುತ್ತದೆ. ಆ ಐದು ನಿಮಿಷ ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. ಗೆರೆ ಬರಲಿಲ್ಲ.

ಬರೀ ಬಾಗಿದ್ದರೆ ಲೇತ್ ವರ್ಕ್‌ಶಾಪಿನಲ್ಲಿ ಫೇಸಿಂಗ್, ಅಂದರೆ ತಳ ಅರೆದು ಸಮ ಮಾಡಿಸಬಹುದು. ಆದರೆ ಪ್ರತಿ ಹೆಡ್ಡಿಗೂ ಕನಿಷ್ಠ ದಪ್ಪ ಅಂತ ಒಂದಿದೆ. ಅದಕ್ಕಿಂತ ತೆಳುವಾಗಿಸಿದರೆ ಆ ಹೆಡ್ ಮುಗಿಯಿತು. ಈ ಮೊದಲು ಎಷ್ಟು ಸಲ ಫೇಸಿಂಗ್ ಆಗಿದೆ ಎಂದು ಕೇಳಿ ತಿಳಿದುಕೊಳ್ಳಿ.

ಬ್ಲಾಕಿನಲ್ಲಿ ಇನ್ನೂ ಜೀವ ಇದೆಯಾ?

ರಿಪೇರಿಯೋ ಬದಲಿಯೋ ಎನ್ನುವುದನ್ನು ನಿಜವಾಗಿ ನಿರ್ಧರಿಸುವ ಭಾಗಗಳು ಎರಡೇ: ಬ್ಲಾಕ್ (ಸಿಲಿಂಡರುಗಳಿರುವ ಎಂಜಿನ್ನಿನ ಮುಖ್ಯ ಎರಕ) ಮತ್ತು ಕ್ರ್ಯಾಂಕ್ (ಪಿಸ್ಟನ್ನಿನ ಓಡಾಟದಿಂದ ತಿರುಗುವ ದಂಡ). ಮಿಕ್ಕದ್ದೆಲ್ಲ ಕಾಸು ಕೊಟ್ಟರೆ ಸಿಗುವ ಸಾಮಾನು.

ಇಲ್ಲಿ ಅಪ್ಪನ ಡೈರಿ ಕೆಲಸಕ್ಕೆ ಬಂತು. ಅಪ್ಪ ಪ್ರತಿ ಆಯಿಲ್ ಚೇಂಜನ್ನೂ ಬರೆದಿಡುತ್ತಿದ್ದರು. 2003ರ ಪುಟದಲ್ಲಿ ಒಂದು ಸಾಲು ಸಿಕ್ಕಿತು: "ಬೋರ್ ಮಾಡಿಸಿದೆ, 0.50." ಅಂದರೆ ಸಿಲಿಂಡರನ್ನು ಆಗಲೇ ಅರ್ಧ ಮಿಲಿಮೀಟರ್ ಅಗಲ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿದ್ದರು. ಈ ಜೀಪಿನ ಎಂಜಿನ್ ಎಕ್ಸ್‌ಡಿಪಿ 4.90, ಪ್ಯೂಜೋ ಕಂಪನಿಯ ವಿನ್ಯಾಸ. 4 ಅಂದರೆ ನಾಲ್ಕು ಸಿಲಿಂಡರ್, 90 ಅಂದರೆ 90 ಮಿಲಿಮೀಟರ್ ಬೋರ್, ಸಿಲಿಂಡರಿನ ಒಳ ಅಗಲ. ಒಟ್ಟು 2112 ಸಿಸಿ. ಓವರ್‌ಸೈಜ್ ಪಿಸ್ಟನ್ನುಗಳು ಸಾಮಾನ್ಯವಾಗಿ 0.25, 0.50, 0.75, 1.00 ಹೀಗೆ ಮೆಟ್ಟಿಲಿನಂತೆ ಬರುತ್ತವೆ. ನಾವು ಎರಡು ಮೆಟ್ಟಿಲು ಹತ್ತಿ ಆಗಿತ್ತು. ಕೊನೆಯ ಮೆಟ್ಟಿಲು ದಾಟಿದ ಬ್ಲಾಕ್ ಕೂಡ ಸತ್ತಂತಲ್ಲ. ಹೊಸ ಸ್ಲೀವ್ (ಒಳಕೊಳವೆ) ಕೂರಿಸಿ ಮತ್ತೆ ಮೂಲ ಅಳತೆಗೆ ತರಬಹುದು. ಆದರೆ ಆ ಕೆಲಸಕ್ಕೆ ಒಳ್ಳೆ ಕೈ ಬೇಕು. ಮಡಿಕೇರಿ, ಕುಶಾಲನಗರದಲ್ಲಿ ಬಿಚ್ಚಿ ಕೂರಿಸುವವರು ಸಿಗುತ್ತಾರೆ. ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗಿಗೆ ನಾವು ಮೈಸೂರಿಗೇ ಹೋದೆವು.

ಕ್ರ್ಯಾಂಕಿನದ್ದು ಉಲ್ಟಾ ಲೆಕ್ಕ. ಬೋರ್ ದೊಡ್ಡದಾಗುತ್ತಾ ಹೋದರೆ ಕ್ರ್ಯಾಂಕಿನ ಜರ್ನಲ್ (ಬೇರಿಂಗ್ ಕೂರುವ ದುಂಡು ಭಾಗ) ಚಿಕ್ಕದಾಗುತ್ತಾ ಹೋಗುತ್ತದೆ. ಪ್ರತಿ ಗ್ರೈಂಡಿಂಗಿಗೂ ಅದಕ್ಕೆ ತಕ್ಕ ಅಂಡರ್‌ಸೈಜ್ ಬೇರಿಂಗ್ ಬೇಕು. ಮೈಕ್ರೋಮೀಟರಿನಲ್ಲಿ ಅಳತೆ ಮಾಡಿಸಿ, ಆ ಅಳತೆಯ ಬೇರಿಂಗ್ ಅಂಗಡಿಯಲ್ಲಿ ಇದೆ ಎಂದು ಖಾತ್ರಿ ಮಾಡಿಕೊಂಡ ಮೇಲೇ ಗ್ರೈಂಡಿಂಗಿಗೆ ಕೊಡಿ. ಕ್ರ್ಯಾಂಕ್ ಅರೆದು ಇಟ್ಟುಕೊಂಡು ಬೇರಿಂಗ್ ಹುಡುಕುತ್ತಾ ಕೂತವರನ್ನು ನಾನು ನೋಡಿದ್ದೇನೆ.

ಬ್ಲಾಕಿನಲ್ಲಿ ದೊಡ್ಡ ಬಿರುಕು ಇದ್ದರೆ, ಕನ್‌ರಾಡ್ ಮುರಿದು ಪಕ್ಕದಲ್ಲಿ ತೂತು ಮಾಡಿದ್ದರೆ, ಮೇನ್ ಬೇರಿಂಗಿನ ಜಾಗವೇ ಸುಟ್ಟು ಸೊಟ್ಟಗಾಗಿದ್ದರೆ ನನ್ನ ಅಭಿಪ್ರಾಯದಲ್ಲಿ ಆ ಬ್ಲಾಕನ್ನು ಕೈಬಿಡಬೇಕು. ಬ್ಲಾಕಿನ ಬೀಡು ಕಬ್ಬಿಣಕ್ಕೆ ವೆಲ್ಡಿಂಗ್ ಮಾಡುವವರು ಇದ್ದಾರೆ. ನೀರಿನ ಜಾಕೆಟ್ಟಿನ ಹೊರಗಿನ ಸಣ್ಣ ಬಿರುಕಿಗೆ ಪರವಾಗಿಲ್ಲ. ಭಾರ ಹೊರುವ ಜಾಗದಲ್ಲಿ ಮಾತ್ರ ಆ ನಂಬಿಕೆಯ ಮೇಲೆ ಸಂಪಾಜೆ ಘಾಟಿ ಹತ್ತಲು ನಾನು ಒಪ್ಪುವುದಿಲ್ಲ.

ಬರೀ ಹೆಡ್ ಕೆಲಸವೋ, ಪೂರ್ತಿ ಎಂಜಿನ್ ಕೆಲಸವೋ

ಬೋರ್ ಚೆನ್ನಾಗಿದ್ದು, ಕಾದದ್ದಕ್ಕೆ ಹೆಡ್ ಮಾತ್ರ ಬಾಗಿದ್ದರೆ ಫೇಸಿಂಗ್, ವಾಲ್ವ್ ಗ್ರೈಂಡಿಂಗ್, ಹೊಸ ಗ್ಯಾಸ್ಕೆಟ್ ಸಾಕು. ಖರ್ಚು ಕಡಿಮೆ, ವಾರದೊಳಗೆ ಗಾಡಿ ಮನೆಗೆ ಬರುತ್ತದೆ. ನಾನೂ ಇಲ್ಲಿಗೇ ನಿಲ್ಲಿಸುವ ಆಸೆಯಲ್ಲಿದ್ದೆ. ಆದರೆ ಸಂಪ್ (ಕೆಳಗಿನ ಆಯಿಲ್ ತೊಟ್ಟಿ) ಇಳಿಸಿದಾಗ ಬೇರಿಂಗಿನ ಬೆಳ್ಳಿ ಬಣ್ಣ ಹೋಗಿ ತಾಮ್ರ ಕಾಣುತ್ತಿತ್ತು. ಸವೆದ ಕೆಳಭಾಗದ ಮೇಲೆ ಬಿಗಿಯಾದ ಹೊಸ ಹೆಡ್ ಕೂರಿಸಿದರೆ ಕಂಪ್ರೆಶನ್ ಏರುತ್ತದೆ, ಹಳೇ ರಿಂಗು ಮತ್ತು ಬೇರಿಂಗ್ ಅದನ್ನು ತಡೆಯಬೇಕಾಗುತ್ತದೆ. ಸ್ವಲ್ಪ ದಿನಕ್ಕೆ ಮತ್ತೆ ಬಿಚ್ಚುವುದು, ಮತ್ತೆ ಗ್ಯಾಸ್ಕೆಟ್, ಮತ್ತೆ ಕೂಲಿ. ಹೀಗಾಗಿ ಪೂರ್ತಿ ಕೆಲಸಕ್ಕೇ ಹೂಂ ಅಂದೆ.

ಪೂರ್ತಿ ಕೆಲಸ ಎಂದರೆ ಏನೇನು ಸೇರುತ್ತದೆ ಎಂದು ಕಾಗದದ ಮೇಲೆ ಬರೆಸಿಕೊಳ್ಳಿ. ಪಿಸ್ಟನ್, ರಿಂಗ್, ಬೇರಿಂಗ್ ಎಲ್ಲರೂ ಹೇಳುತ್ತಾರೆ. ಆಯಿಲ್ ಪಂಪ್, ವಾಟರ್ ಪಂಪ್, ನೋಜಲ್, ಡೀಸೆಲ್ ಪಂಪಿನ ಕ್ಯಾಲಿಬ್ರೇಶನ್, ರೇಡಿಯೇಟರ್ ಸ್ವಚ್ಛ ಮಾಡುವುದು, ಕ್ಲಚ್ ಪ್ಲೇಟ್ ಇವು ಮರೆತುಹೋಗುತ್ತವೆ. ಇವಿಲ್ಲದೆ ಹೇಳಿದ ಕೊಟೇಷನ್ ಅಗ್ಗವಾಗಿ ಕಂಡೇ ಕಾಣುತ್ತದೆ. ನಮ್ಮ ರೇಡಿಯೇಟರ್ ಬಿಚ್ಚಿದಾಗ ಒಳಗೆ ತುಕ್ಕು ಮಣ್ಣಿನಂತೆ ಗಟ್ಟಿಯಾಗಿತ್ತು. ವರ್ಷಗಟ್ಟಲೆ ಕೂಲೆಂಟ್ ಹಾಕದೆ ತೋಡಿನ ನೀರು ತುಂಬಿಸಿದ್ದೆವು. ಹೊರಗಿನ ಜಾಲರಿಯಲ್ಲಿ ಕೆಸರು, ಕಾಫಿ ಎಲೆಯ ಚೂರು. ರೇಡಿಯೇಟರ್ ಹಾಗೇ ಬಿಟ್ಟಿದ್ದರೆ ಹೊಸ ಎಂಜಿನ್ ಹಾಕಿದ್ದರೂ ಅದೇ ಗತಿ ಆಗುತ್ತಿತ್ತು.

ಅದೇ ಮಾದರಿಯ ಸೆಕೆಂಡ್‌ಹ್ಯಾಂಡ್ ಎಂಜಿನ್

ಹಳೇ ಜೀಪಿಗೆ ಶೋರೂಮಿನ ಹೊಸ ಎಂಜಿನ್ ಹುಡುಕುವ ಕಾಲ ಹೋಯಿತು. ಬದಲಿ ಎಂದರೆ ಗುಜರಿಯಿಂದ ತಂದದ್ದು ಎಂದೇ ಅರ್ಥ. ಬೆಂಗಳೂರಿನ ಶಿವಾಜಿನಗರದ ಕಡೆ ವಿಚಾರಿಸಿದರೆ ಸಿಗುತ್ತದೆ. ಕೇಳಿದ ಬೆಲೆ ನಮ್ಮ ರಿಪೇರಿ ಲೆಕ್ಕದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಇತ್ತು. ಮನಸ್ಸು ಆ ಕಡೆ ವಾಲಿದ್ದು ನಿಜ. ಆಮೇಲೆ ಕೂತು ಲೆಕ್ಕ ಹಾಕಿದೆ: ಸಾಗಿಸುವ ಬಾಡಿಗೆ, ಸೀಲುಗಳು, ಗ್ಯಾಸ್ಕೆಟ್ ಸೆಟ್, ನೋಜಲ್, ಇಳಿಸಿ ಹತ್ತಿಸುವ ಕೂಲಿ. ವ್ಯತ್ಯಾಸ ಕರಗಿಹೋಯಿತು. ಮೇಲಾಗಿ ಆ ಎಂಜಿನ್ ಒಳಗೆ ಏನಿದೆ ಎಂದು ಮಾರುವವರಿಗೂ ಗೊತ್ತಿರಲಿಲ್ಲ.

ಆದರೂ ನಿಮ್ಮ ಬ್ಲಾಕ್ ಸತ್ತಿದ್ದರೆ ಇದೇ ಒಳ್ಳೆಯ ದಾರಿ. ತರುವಾಗ ಆಯಿಲ್ ಫಿಲ್ಲರ್ ಮುಚ್ಚಳ ತೆಗೆದು ಒಳಗೆ ನೊರೆ, ಕೆಸರು ಇದೆಯಾ ನೋಡಿ. ಕೈಯಲ್ಲಿ ಪೂರ್ತಿ ಎರಡು ಸುತ್ತು ತಿರುಗಿಸಿ. ಸಾಧ್ಯವಾದರೆ ಸ್ಟಾರ್ಟ್ ಮಾಡಿಸಿ, ಕಂಪ್ರೆಶನ್ ನೋಡಿ. ಎಲ್ಲಕ್ಕಿಂತ ಮೊದಲು ಎಂಜಿನ್ ನಂಬರ್ ಓದಿ. ನಂಬರಿನ ಜಾಗ ಉಜ್ಜಿದ ಹಾಗೆ, ಮತ್ತೆ ಪಂಚ್ ಮಾಡಿದ ಹಾಗೆ ಕಂಡರೆ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ. ಕದ್ದ ಗಾಡಿಯದ್ದಾಗಿದ್ದರೆ ನಾಳೆ ನೀವು ಪೊಲೀಸರಿಗೆ ಉತ್ತರ ಕೊಡಬೇಕು. ಬಿಲ್ ಇಲ್ಲದೆ, ಯಾವ ಗಾಡಿಯಿಂದ ಬಂತು ಎಂಬ ದಾಖಲೆ ಇಲ್ಲದೆ ತರಬೇಡಿ.

ಬೇರೆ ಮಾದರಿಯ ಎಂಜಿನ್

ಎಕ್ಸ್‌ಡಿಪಿ ತೆಗೆದು ಎಂಡಿಐ ಹಾಕಿಸಿದ ಜೀಪುಗಳು ಎಷ್ಟೋ ಇವೆ. ಅದು ಮಹೀಂದ್ರದ್ದೇ 2523 ಸಿಸಿ ಡೈರೆಕ್ಟ್ ಇಂಜೆಕ್ಷನ್ (ಡೀಸೆಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ) ಎಂಜಿನ್. ಬಿಡಿಭಾಗ ಸುಲಭವಾಗಿ ಸಿಗುತ್ತವೆ, ಕಡಿಮೆ ಆರ್‌ಪಿಎಂನಲ್ಲೇ ಚೆನ್ನಾಗಿ ಎಳೆಯುತ್ತದೆ, ತಿಳಿದ ಮೆಕ್ಯಾನಿಕ್ ಎಲ್ಲೆಡೆ ಇದ್ದಾರೆ. ತೋಟದ ದಿನದ ಕೆಲಸಕ್ಕೆ ಇದರ ಅನುಕೂಲವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮೌಂಟು, ಬೆಲ್ ಹೌಸಿಂಗ್, ಸೈಲೆನ್ಸರ್ ಪೈಪ್, ರೇಡಿಯೇಟರ್ ಇವೆಲ್ಲ ಹೊಂದಬೇಕು. ಹೊಂದಿಸಲು ಎಲ್ಲೋ ಕತ್ತರಿಸುತ್ತಾರೆ, ಎಲ್ಲೋ ವೆಲ್ಡ್ ಮಾಡುತ್ತಾರೆ. ಕತ್ತರಿಸಿದ ಛಾಸಿಯನ್ನು ಮೊದಲಿನಂತೆ ಮಾಡುವುದು ಕಷ್ಟ.

ಕಾನೂನಿನ ತೊಡಕು ಇನ್ನೂ ದೊಡ್ಡದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. 2112 ಸಿಸಿ ಎಂದು ಬರೆದ ಆರ್‌ಸಿ ಇಟ್ಟುಕೊಂಡು 2523 ಸಿಸಿ ಎಂಜಿನ್ ಓಡಿಸಿದರೆ ಅಪಘಾತವಾದ ದಿನ ಇನ್ಶೂರೆನ್ಸ್ ಕಂಪನಿ ಏನು ಹೇಳಬಹುದು ಯೋಚಿಸಿ. ಅದೇ ಮಾದರಿಯ ಎಂಜಿನ್ ಹಾಕಿದರೂ ನಂಬರ್ ಬದಲಾಗುತ್ತದೆ. ಬದಲಾವಣೆ ಮಾಡಿದ 14 ದಿನದೊಳಗೆ ಆರ್‌ಟಿಓಗೆ ತಿಳಿಸಿ ಆರ್‌ಸಿ ತಿದ್ದಿಸಬೇಕು. ನಾನಾದರೆ ಎಂಜಿನ್ ಕೊಳ್ಳುವ ಮೊದಲೇ ಮಡಿಕೇರಿಯ ಆರ್‌ಟಿಓ ಕಚೇರಿಗೆ ಹೋಗಿ ಕೇಳುತ್ತೇನೆ. ಇನ್ಶೂರೆನ್ಸಿನವರಿಗೂ ಪತ್ರ ಕೊಡುತ್ತೇನೆ. ಇದ್ದ ಬ್ಲಾಕನ್ನೇ ಬೋರ್ ಮಾಡಿಸಿದರೆ ನಂಬರ್ ಹಾಗೇ ಉಳಿಯುತ್ತದೆ, ಈ ಓಡಾಟ ಯಾವುದೂ ಇಲ್ಲ.

ಮನೆಯಲ್ಲಿ ಅಜ್ಜನ ಕಾಲದ ವಿಲ್ಲೀಸ್ ಜೀಪು ಇರುವವರು ಇನ್ನೊಂದು ವಿಷಯ ಗಮನಿಸಿ. 2021ರ ಜುಲೈನಲ್ಲಿ ಬಂದ ನಿಯಮದಂತೆ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು, "ವಿಎ" ಅಕ್ಷರದ ನಂಬರ್ ಕೊಡುತ್ತಾರೆ. ಗಾಡಿ ಮೂಲ ರೂಪದಲ್ಲೇ ಇರಬೇಕು, ಛಾಸಿ, ಬಾಡಿ, ಎಂಜಿನ್ ಮಾರ್ಪಾಡಾಗಿರಬಾರದು. ಹಾಗೆ ನೋಂದಾಯಿಸಿದ ಮೇಲೆ ದಿನದ ಓಡಾಟಕ್ಕೆ ಬಳಸುವಂತಿಲ್ಲ. ಅಂಥ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸಿದರೆ ಆ ಅವಕಾಶವೇ ಹೋಗುತ್ತದೆ. ಆ ಹಳೇ ಪೆಟ್ರೋಲ್ ಎಂಜಿನ್ ಕೆಟ್ಟಿದ್ದರೂ ದಯವಿಟ್ಟು ಗುಜರಿಗೆ ಕೊಡಬೇಡಿ.

ನೆನಪು ಎಲ್ಲಿದೆ ಎಂದು ಕೇಳಿಕೊಳ್ಳಿ

ಇದು ಲೆಕ್ಕಕ್ಕೆ ಸಿಗದ ಪ್ರಶ್ನೆ. ಆದರೆ ಕೇಳಿಕೊಳ್ಳದೆ ತೀರ್ಮಾನಿಸಿದವರು ಆಮೇಲೆ ಬೇಸರಪಟ್ಟದ್ದನ್ನು ಕಂಡಿದ್ದೇನೆ. ಕೆಲವರಿಗೆ ಗಾಡಿ ಎಂದರೆ ಅದರ ಬಾಡಿ, ಅಪ್ಪ ಹಿಡಿದು ಸವೆದ ಸ್ಟೀರಿಂಗ್, ತಾವು ಕೂರುತ್ತಿದ್ದ ಹಿಂದಿನ ಸೀಟು. ಅವರು ಅದೇ ಮಾದರಿಯ ಬೇರೆ ಎಂಜಿನ್ ಹಾಕಿಸಿದರೆ ಏನೂ ಕಳೆದುಕೊಳ್ಳುವುದಿಲ್ಲ. ನಾನೂ ಹಾಗೇ ಅಂದುಕೊಂಡಿದ್ದೆ. ಅಮ್ಮನನ್ನು ಕೇಳಿದೆ. ಅಮ್ಮ ಹೇಳಿದಳು: "ಗೇಟಿನ ಹತ್ತಿರದ ಏರಲ್ಲಿ ಗೇರ್ ಇಳಿಸೋ ಶಬ್ದ ಕೇಳಿದ ಮೇಲೇ ನಾನು ಒಲೆ ಮೇಲೆ ಸಾರು ಬಿಸಿಗಿಡ್ತಿದ್ದೆ. ಬೇರೆ ಯಾವ ಜೀಪು ಬಂದರೂ ಗೊತ್ತಾಗ್ತಿತ್ತು." ಎಂಡಿಐ ಹಾಕಿದ್ದರೆ ಆ ಶಬ್ದ ಇರುತ್ತಿರಲಿಲ್ಲ. ಡೈರೆಕ್ಟ್ ಇಂಜೆಕ್ಷನ್ನಿನ ಬಡಿತವೇ ಬೇರೆ, ಒರಟು. ಬ್ಲಾಕ್ ಚೆನ್ನಾಗಿದ್ದುದರಿಂದ ನಮ್ಮ ತೀರ್ಮಾನ ಅಲ್ಲಿಗೆ ಮುಗಿಯಿತು.

ಕೈಯಲ್ಲಿ ದುಡ್ಡಿಲ್ಲದಿದ್ದರೆ ಕಾಯುವುದೂ ಒಂದು ದಾರಿಯೇ. ನೀರು, ಆಯಿಲ್ ಪೂರ್ತಿ ಇಳಿಸಿ. ನೋಜಲ್ ತೂತಿನಿಂದ ಪ್ರತಿ ಸಿಲಿಂಡರಿಗೂ ಸ್ವಲ್ಪ ಆಯಿಲ್ ಬಿಟ್ಟು ಕೈಯಲ್ಲಿ ತಿರುಗಿಸಿ ಇಡಿ. ಚಕ್ರ ನೆಲದಿಂದ ಎತ್ತಿ. ಆರ್‌ಸಿ ಮಾತ್ರ ಮರೆಯಬೇಡಿ. 15 ವರ್ಷ ದಾಟಿದ ಸ್ವಂತ ಗಾಡಿಗೆ ಐದೈದು ವರ್ಷಕ್ಕೆ ನವೀಕರಣ ಇದೆ. 20 ವರ್ಷ ದಾಟಿದ ಕಾರು, ಜೀಪಿಗೆ ಆ ಶುಲ್ಕವನ್ನು 2025ರ ಆಗಸ್ಟಿನಲ್ಲಿ 10,000 ರೂಪಾಯಿಗೆ ಏರಿಸಿದ್ದಾರೆ, ಗ್ರೀನ್ ಟ್ಯಾಕ್ಸ್ ಬೇರೆ. ರಿಪೇರಿಯ ಲೆಕ್ಕದಲ್ಲಿ ಇದನ್ನೂ ಸೇರಿಸಿಕೊಳ್ಳಿ.

ಕೊಡಗಿನಲ್ಲಿ ಯಾವಾಗ ಬಿಚ್ಚಬೇಕು

ರೋಬಸ್ಟಾ ಕೊಯ್ಲು ಮುಗಿದ ಮೇಲೆ, ಅಂದರೆ ಮಾರ್ಚ್ ಕೊನೆಗೆ ಬಿಚ್ಚಿ, ಜೂನ್ ಮಳೆ ಹಿಡಿಯುವ ಮೊದಲು ಕೂರಿಸಿ. ಮಳೆಗಾಲದಲ್ಲಿ ಗಾಡಿಗೆ ಕೆಲಸ ಕಡಿಮೆ, ಆಗಲೇ ಮಾಡಿಸೋಣ ಅನಿಸುತ್ತದೆ. ಆದರೆ ನಮ್ಮ ತಂಡಿಗೆ ಬೋರ್ ಮಾಡಿದ ಹೊಸ ಸಿಲಿಂಡರ್ ಒಂದೇ ರಾತ್ರಿಯಲ್ಲಿ ಕೆಂಪಗಾಗುತ್ತದೆ. ಮೈಸೂರಿನಿಂದ ಬ್ಲಾಕ್ ತಂದ ದಿನ ಬೇಸಿಗೆ ಮಳೆ ಬಂದಿತ್ತು. ಬೋರಿಗೆ ಆಯಿಲ್ ಸವರಿ, ಪ್ಲಾಸ್ಟಿಕ್ ಸುತ್ತಿ, ಶೆಡ್ ಬಿಟ್ಟು ಮನೆಯ ಒಳಗೇ ಇಟ್ಟುಕೊಂಡೆವು. ಬದಲಾಯಿಸಿದ ಹಳೇ ಪಿಸ್ಟನ್, ಬೇರಿಂಗುಗಳನ್ನು ವಾಪಸ್ ಕೇಳಿ ತೆಗೆದುಕೊಳ್ಳಿ. ನಿಜವಾಗಿ ಬದಲಾಯಿಸಿದ್ದಾರೆ ಎನ್ನುವುದಕ್ಕೆ ಅದೇ ಸಾಕ್ಷಿ.

ಕೂರಿಸಿದ ಮೇಲೆ ಮೊದಲ ಸಾವಿರ ಕಿಲೋಮೀಟರ್ ಮೂಟೆ ಹೇರಬೇಡಿ. ನಿಂತಲ್ಲೇ ಗಂಟೆಗಟ್ಟಲೆ ಐಡಲ್ ಬಿಡುವುದೂ ಬೇಡ, ಹಾಗೆ ಬಿಟ್ಟರೆ ರಿಂಗ್ ಬೋರಿಗೆ ಸರಿಯಾಗಿ ಕೂರುವುದಿಲ್ಲ. ಒಂದೇ ವೇಗದಲ್ಲಿ ಹೋಗದೆ ಏರು ಇಳಿಜಾರಿನಲ್ಲಿ ಹದವಾಗಿ ಓಡಿಸಿ. ಐನೂರಕ್ಕೆ ಆಯಿಲ್ ಮತ್ತು ಫಿಲ್ಟರ್ ಬದಲಾಯಿಸಿ, ಹೆಡ್ ಬೋಲ್ಟ್ ಮತ್ತೆ ಬಿಗಿ ಮಾಡಬೇಕೇ ಎಂದು ಮ್ಯಾನ್ಯುಯಲ್ ನೋಡಿ ಕೇಳಿ. ನಾನು ಖಾಲಿ ಜೀಪಿನಲ್ಲಿ ಸೋಮವಾರಪೇಟೆಗೆ ಹೋಗಿ ಬರುತ್ತಾ ಆ ಸಾವಿರ ಮುಗಿಸಿದೆ. ಅಪ್ಪನ ಡೈರಿಯಲ್ಲಿ 2003ರ ಸಾಲಿನ ಶೈಲಿಯಲ್ಲೇ ನನ್ನದೊಂದು ಸಾಲು ಬರೆದೆ: "ಬೋರ್ ಮಾಡಿಸಿದೆ, 0.75."

ಈಗ ಟೂಲ್ ಬಾಕ್ಸಿನಲ್ಲಿ ಒಂದು ಹೊಸ ಕೆಳಗಿನ ಹೋಸ್, ಎರಡು ಕ್ಲಾಂಪ್, ಸೀಟಿನ ಹಿಂದೆ ಐದು ಲೀಟರ್ ಕೂಲೆಂಟ್ ಬೆರೆಸಿದ ನೀರಿನ ಕ್ಯಾನ್ ಇರುತ್ತದೆ. ಕುಶಾಲನಗರಕ್ಕೆ ಹೊರಡುವ ಮೊದಲು ಬಾನೆಟ್ ಎತ್ತಿ ಹೋಸನ್ನು ಕೈಯಲ್ಲಿ ಅಮುಕಿ ನೋಡುತ್ತೇನೆ. ಮೆತ್ತಗೆ ಅನಿಸಿದರೆ ಆ ದಿನ ಬಸ್ಸಿನಲ್ಲಿ ಹೋಗುತ್ತೇನೆ.